ಫ್ಲೆಕ್ಸಿನ ಮೇಲಿನ ಗಡಿ

ನಮ್ಮ ಮಳವಳ್ಳಿ ಕಾಲೇಜಿನಲ್ಲಿ ದೇಶದ ಸಾರ್ವಭೌಮತ್ವದ ಬಗ್ಗೆ ವಿಚಾರ ಸಂಕಿರಣ ಇತ್ತು. ರಾಜ್ಯಶಾಸ್ತ್ರದ ಮೇಷ್ಟ್ರು ಅಂತ ಭಾಷಣವೂ ನನ್ನದೇ, ಫ್ಲೆಕ್ಸ್ ಮಾಡಿಸುವುದೂ ನನ್ನದೇ. ಬೆಳಗ್ಗೆ ಮದ್ದೂರಿನಿಂದ ಫ್ಲೆಕ್ಸ್ ತಂದ ಕೆಂಪಣ್ಣ ಏಣಿ ಹತ್ತಿ ಕಟ್ಟುತ್ತಿದ್ದವನು ಅಲ್ಲೇ ನಿಂತುಬಿಟ್ಟ.

"ಸಾ, ಈ ನಕ್ಸೇಲಿ ಕಾಸ್ಮೀರ ಅರ್ಧನೇ ಅದೆಯಲ್ಲ."

ಯಾವುದೋ ವಿದೇಶಿ ವೆಬ್‌ಸೈಟಿನಿಂದ ನಾನೇ ಇಳಿಸಿ ಕಳಿಸಿದ್ದ ನಕ್ಷೆ. ತಪ್ಪು ನಕ್ಷೆ ಹಾಕಿದರೆ ಕೇಸಾಗುತ್ತದೆ ಅಂತ ಹೋದ ವಾರ ತಾನೇ ಮಕ್ಕಳಿಗೆ ಹೇಳಿದ್ದೆ. ಯಾರಾದರೂ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ನನ್ನ ಕಥೆ ಮುಗಿಯಿತು. ಅತಿಥಿಗಳು ಬರಲು ಅರ್ಧ ಗಂಟೆಯೂ ಇರಲಿಲ್ಲ.

"ನಮ್ಮೂರಲ್ಲಿ ಒಂದ್ ಗೇಣು ಗದ್ದೆ ಬದ ಒತ್ತುದ್ರೆ ತಲೆ ಒಡೀತಾರೆ, ನೀವು ದೇಸುದ್ ತಲೇನೇ ಬುಟ್ಟಿದ್ದೀರಲ್ಲ ಸಾ," ಅಂದ ಕೆಂಪಣ್ಣ. "ತಡೀರಿ, ಮ್ಯಾಲೊಂದು ಪೋಟ ಅಂಟುಸ್ಬುಡನ."

ಕಾಲೇಜು ದಿನಾಚರಣೆಯ ಹಳೇ ಫ್ಲೆಕ್ಸಿನಿಂದ ಪ್ರಿನ್ಸಿಪಾಲರ ಮುಖವನ್ನು ದುಂಡಗೆ ಕತ್ತರಿಸಿ ನಕ್ಷೆಯ ನೆತ್ತಿಗೆ ಅಂಟಿಸಿದ. ಕಾಶ್ಮೀರ ಪೂರ್ತಿ ಮುಚ್ಚಿಹೋಯಿತು.

ಮುಖ್ಯ ಅತಿಥಿ ಬಂದರು. ಗಡಿ ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಉಸಿರು ಬರುವಷ್ಟರಲ್ಲಿ ಅವರ ಕಡೆಯವನೊಬ್ಬ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ಫ್ಲೆಕ್ಸಿನ ಕೆಳಸಾಲಿನಲ್ಲಿದ್ದ ತನ್ನ ಸಾಹೇಬರ ಫೋಟೊ ತೋರಿಸಿ, "ನಮ್ ಸಾಹೇಬ್ರಿಗಿಂತ ಮ್ಯಾಲೆ ಯಾರು ಮೇಷ್ಟ್ರೇ ಅದು?" ಅಂತ ಮೆಲ್ಲಗೆ ಕೇಳಿದ.

ಸಾರ್ವಭೌಮ ರಾಷ್ಟ್ರ ಅಂದರೆ ತನಗಿಂತ ಮೇಲೆ ಯಾರೂ ಇಲ್ಲದ್ದು ಎಂಬುದು ನನ್ನ ಭಾಷಣದ ಮೊದಲ ವಾಕ್ಯ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದೆ.