ಹಿಂಬಾಗಿಲ ವರ್ಲಿನ್

ವರ್ಲಿನ್ ಓಸ್ಟ್ರೆಮ್‌ಗೆ ಗೇಣುದ್ದ ಹೊಲವಿರಲಿಲ್ಲ. ಅವನ ಬಳಿ ಇದ್ದದ್ದು ಎರಡು ನಳಿಗೆಯ ಹಳೇ ಬಂದೂಕು, ಪೆಗ್ ಎಂಬ ಹೆಣ್ಣುನಾಯಿ, ಮತ್ತೆ ಕೇಳಲು ನಾಚದ ಬಾಯಿ. ಡಕೋಟದ ನಮ್ಮ ನೋರ್ಡಾಲ್ ಊರಿನಲ್ಲಿ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಗೆ ಅಷ್ಟಿದ್ದರೆ ಸಾಕಾಗುತ್ತಿತ್ತು, ಒಂದು ಕಾಲದಲ್ಲಿ.

ನನ್ನದು ಮೇವು, ಬಿತ್ತನೆ ಬೀಜ, ಮೊಳೆ, ತೋಟಾ ಮಾರುವ ಅಂಗಡಿ. ವ್ಯಾಪಾರದ ಲೆಕ್ಕದಲ್ಲಿ ವರ್ಲಿನ್‌ನಂಥ ದಂಡದ ಗಿರಾಕಿಯನ್ನು ನಾನು ಕಂಡಿಲ್ಲ. ವರ್ಷಕ್ಕೆ ಒಂದೇ ಡಬ್ಬಿ ತೋಟಾ ಒಯ್ಯುತ್ತಿದ್ದ. ಮಾರನೇ ವರ್ಷ ಬಂದಾಗ ಹಿಂದಿನ ಡಬ್ಬಿಯ ಏಳೆಂಟು ಅವನ ಜೇಬಿನಲ್ಲೇ ಗಲಗಲ ಅನ್ನುತ್ತಿದ್ದವು. "ಗುರಿ ತಪ್ಪೋರಿಂದ ನನ್ನ ಹೊಟ್ಟೆ ತುಂಬೋದು ಕಣಯ್ಯ, ನಿನ್ನಂಥೋರಿಂದಲ್ಲ" ಎಂದರೆ, "ತಪ್ಪೋದನ್ನ ಕಲೀತೀನಿ ಬಿಡು ಹ್ಯಾರ್ಲನ್, ವಯಸ್ಸಾಗ್ತಿದೆ" ಎನ್ನುತ್ತಿದ್ದ.

ಮೂವತ್ತೊಂದು ವರ್ಷ ಸುತ್ತಲಿನ ಹೊಲಮನೆಗಳಿಗೆಲ್ಲ ಅಂಚೆ ಹಂಚಿದವನು ಅವನು. ಯಾರ ಮನೆಗೆ ಯಾವ ಔಷಧ ಬರುತ್ತದೆ, ಯಾರ ಮಗಳು ಕಾಗದ ಬರೆಯುವುದನ್ನು ನಿಲ್ಲಿಸಿದ್ದಾಳೆ ಎಲ್ಲ ಗೊತ್ತಿದ್ದು ಒಂದನ್ನೂ ಬಾಯಿ ಬಿಟ್ಟವನಲ್ಲ. ಆಗಸ್ಟ್ ಕೊನೆಯ ವಾರ ಬಂತೆಂದರೆ ಟೋಪಿ ಕೈಯಲ್ಲಿ ಹಿಡಿದು ಮನೆಮನೆಗೆ ಹೊರಡುತ್ತಿದ್ದ. ಊಟದ ಹೊತ್ತಲ್ಲಿ ಹೋಗುತ್ತಿರಲಿಲ್ಲ. ಯಾವತ್ತೂ ಹಿಂಬಾಗಿಲನ್ನೇ ತಟ್ಟುತ್ತಿದ್ದ. ನಮ್ಮಲ್ಲಿ ಮುಂಬಾಗಿಲಿರುವುದು ವಿಮೆ ಮಾರುವವರಿಗೆ, ಧರ್ಮ ಬೋಧಿಸುವವರಿಗೆ ಮತ್ತು ಸಾವಿನ ಸುದ್ದಿ ತರುವವರಿಗೆ. ಬೇಕಾದವರು ಹಿಂದಿನಿಂದ ಬರುತ್ತಾರೆ. ಬಾಗಿಲು ತೆರೆದ ಮೇಲೆ ಅವನು ಹೇಳುವ ಮಾತೂ ಒಂದೇ: "ಈ ಸಲ ನಿಮ್ಮ ಹೊಲದಲ್ಲಿ ನಾನೂ ನನ್ನ ನಾಯಿಯೂ ಒಂದು ಸುತ್ತು ನಡೀಬಹುದಾ?"

ಮಾರ್ಲಿಸ್ ಓಲ್ಟ್‌ಮನ್ ಎಂಬ ವಿಧವೆ ಪ್ರತಿವರ್ಷ ರೇಗುತ್ತಿದ್ದಳು. "ಇಪ್ಪತ್ತೆಂಟು ವರ್ಷದಿಂದ ಹೂಂ ಅಂತಿದೀನಲ್ಲೋ, ಇನ್ನೂ ಕೇಳ್ತೀಯಲ್ಲ!"

"ಈ ವರ್ಷದ್ದು ಇನ್ನೂ ಕೇಳಿರಲಿಲ್ಲ, ಮಾರ್ಲಿಸ್."

ಬೇಟೆ ಮುಗಿದ ಮೇಲೆ ಪುಕ್ಕ ಕಿತ್ತು, ತೊಳೆದು, ಉಪ್ಪುನೀರಿನಲ್ಲಿ ನೆನೆಸಿದ ಒಂದು ಹುಂಜ ಆ ಮನೆಯ ಹಿಂಬಾಗಿಲಿಗೆ ಬರುತ್ತಿತ್ತು. ಹೇಂಟೆಗೆ ಗುಂಡು ಹೊಡೆಯುವುದು ಕಾಯ್ದೆಗೆ ವಿರುದ್ಧ. ವರ್ಲಿನ್ ಲೆಕ್ಕದಲ್ಲಿ ಕೇಳದೆ ಹೊಡೆದ ಹುಂಜವೂ ಹೇಂಟೆಯೇ.

ಹಿಂದೆ ಅಂಥ ಬಾಗಿಲುಗಳು ಹದಿನಾಲ್ಕಿದ್ದವು. ಆಮೇಲೆ ಪಟ್ಟಣ ನಮ್ಮ ಕಡೆಗೆ ಕಾಲು ಚಾಚಿತು. ಒಬ್ಬೊಬ್ಬರೇ ಹೊಲ ಮಾರಿದರು, ಮಾರಿದ್ದಕ್ಕೆ ಅವರವರ ಕಾರಣಗಳಿದ್ದವು. ನಾನೂ ಅತ್ತವನಲ್ಲ. ಮೊದಲು ಮೆಕ್ಕೆಜೋಳದ ಬೀಜ ಮಾರುತ್ತಿದ್ದೆ, ಈಗ ಅಂಗಳದ ಹುಲ್ಲಿನ ಬೀಜ ಮಾರುತ್ತೇನೆ. ಹೊಸ ಬಡಾವಣೆಗೆ 'ಫೆಸೆಂಟ್ ಹಿಲ್ಸ್' ಎಂದು ಹೆಸರಿಟ್ಟರು. ಅಲ್ಲಿರುವ ಗುಡ್ಡ ಒಂದೇ, ನೆಲಮಾಳಿಗೆಗೆ ಅಗೆದು ಸುರಿದ ಮಣ್ಣಿನದು. ಅಲ್ಲಿರುವ ಫೆಸೆಂಟೂ ಒಂದೇ, ಹೆಬ್ಬಾಗಿಲ ಕಂಬದ ಮೇಲಿನ ಕಂಚಿನ ಹುಂಜ. ವರ್ಲಿನ್ ಅದನ್ನು ಬಹಳ ಹೊತ್ತು ನೋಡಿ, "ಬಾಲ ಚೆನ್ನಾಗಿ ಮಾಡಿದಾನೆ" ಎಂದ, ಅಷ್ಟೇ.

ಹೋದ ವರ್ಷಕ್ಕೆ ಉಳಿದದ್ದು ಮಾರ್ಲಿಸ್‌ಳ ಬಾಗಿಲೊಂದೇ. ಅವಳ ಹೊಲದ ಮೂಲೆಯಲ್ಲಿ ಆಳೆತ್ತರದ ಜೊಂಡು ಬೆಳೆದ ಜೌಗಿದೆ. ಎಲ್ಲ ಕಡೆಯಿಂದ ಓಡಿಸಿಕೊಂಡ ಹಕ್ಕಿಗಳು ಅಲ್ಲಿ ಸೇರಿದ್ದವು. ಆದರೆ ನಮ್ಮೂರಿನ ಸಭೆಯವರು ಹೊಸ ಕಟ್ಟಳೆ ಮಾಡಿದ್ದರು: ಜನ ವಾಸವಿರುವ ಮನೆಯಿಂದ ಇನ್ನೂರು ಗಜದೊಳಗೆ ಗುಂಡು ಹಾರಿಸಬೇಕಾದರೆ ಆ ಮನೆಯವರ ಕೈಬರಹದ ಒಪ್ಪಿಗೆ ಬೇಕು. ಬೇಲಿ ಇದ್ದಲ್ಲೇ ಇತ್ತು, ಬೇಟೆಗೆ ಸಿಗುವ ಹೊಲ ಮಾತ್ರ ಹೊಸ ಮನೆಗೊಂದು ಇನ್ನೂರು ಗಜದ ಸುತ್ತಿನಂತೆ ಕರಗುತ್ತ ಬಂತು. ಬಡಾವಣೆಯ ಕೊನೆಯ ಮನೆ ಜೌಗಿನ ನೆತ್ತಿಯ ಮೇಲೇ ನಿಂತಿತ್ತು. ಮಾರಾಟವಾಗಿತ್ತು, ಯಾರೂ ಬಂದಿರಲಿಲ್ಲ. ಖಾಲಿ ಮನೆಗೆ ಕಟ್ಟಳೆಯಿಲ್ಲ. ವರ್ಲಿನ್ ಆ ಮನೆಯ ಕಿಟಕಿಗಳನ್ನು ದಿನಕ್ಕೆರಡು ಸಲ ನೋಡಿಬರುತ್ತಿದ್ದ.

ಅವನಿಗೆ ಆತುರವಿದ್ದದ್ದು ಪೆಗ್‌ಗಾಗಿ. ಅವಳಿಗೆ ಹದಿನಾಲ್ಕಾಗಿತ್ತು. ಕಿವಿ ಪೂರ್ತಿ ಹೋಗಿತ್ತು, ಹಿಂದಿನ ಒಂದು ಕಾಲು ಎಳೆಯುತ್ತಿತ್ತು. ಹಿಮ ಬೀಳುವ ತನಕ ಇದ್ದರೆ ಹೆಚ್ಚು ಎಂದಿದ್ದ ಪಶುವೈದ್ಯ. ಅದರ ಹಿಂದಿನ ವರ್ಷದ ಬೇಟೆಯ ಕೊನೆಯ ದಿನ ಆ ಕಾಲಿನಲ್ಲೇ ಅವಳು ಒಂದು ಹುಂಜವನ್ನು ಎಬ್ಬಿಸಿಕೊಟ್ಟಿದ್ದಳು. ವರ್ಲಿನ್ ಗುರಿ ತಪ್ಪಿದ. "ತಿರುಗಿ ನನ್ನ ನೋಡಿದಳು ನೋಡು ಹ್ಯಾರ್ಲನ್, ಅಂಚೆ ಕಚೇರಿಯ ಮೇಲಧಿಕಾರಿಯೂ ಹಾಗೆ ನೋಡಿರಲಿಲ್ಲ. ಅವಳಿಗೆ ನಾನೊಂದು ಹುಂಜ ಬಾಕಿ."

ಬೇಟೆ ಶುರುವಾಗುವುದು ಅಕ್ಟೋಬರಿನ ಮೂರನೇ ಶನಿವಾರ. ಗುರುವಾರ ಬೆಳಿಗ್ಗೆ ವರ್ಲಿನ್ ಅಂಗಡಿಗೆ ಬಂದು ಕಾಫಿಗೂ ಕೈ ಚಾಚದೆ ನಿಂತ.

"ಪರದೆ ಕಟ್ಟಿದಾರೆ."

"ಯಾರು?"

"ಕೊನೇ ಮನೆಯೋರು. ಬಂದುಬಿಟ್ರು."

"ಎರಡು ದಿನದ ಮಾತು. ಸುಮ್ಮನೆ ಹೋಗಿ ಒಂದು ಹೊಡ್ಕೊಂಡು ಬಾ. ಇನ್ನೂ ಪೆಟ್ಟಿಗೆ ಬಿಚ್ತಿರ್ತಾರೆ, ಸುತ್ತಿಗೆ ಸದ್ದು ಅನ್ಕೋತಾರೆ."

"ಕೇಳದೇನಾ?" ಎಂದ. ಚರ್ಚಿನಲ್ಲಿ ಯಾರೋ ಉಗುಳಿದ್ದನ್ನು ಕಂಡಂತಿತ್ತು ಅವನ ಮುಖ.

"ಹಾಗಾದ್ರೆ ಕೇಳು ಮಾರಾಯ. ಬಾಯಿ ಇದೆಯಲ್ಲ."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಅಂದರೆ ಯಾರ ಊಟದ ಹೊತ್ತೂ ಅಲ್ಲದ ಹೊತ್ತಿಗೆ, ನನ್ನ ಪಿಕಪ್ಪಿನಲ್ಲಿ ಹೋದೆವು. ನಾನೂ ಪೆಗ್ಗೂ ಗಾಡಿಯಲ್ಲೇ ಉಳಿದೆವು. ವರ್ಲಿನ್ ಕಿತ್ತಳೆ ಬಣ್ಣದ ಟೋಪಿಯನ್ನು ಒಂದು ಕೈಯಲ್ಲಿ, ರೂಬಾರ್ಬ್ ಎಂಬ ಹುಳಿದಂಟಿನಿಂದ ತಾನೇ ಕುದಿಸಿದ ಜಾಮಿನ ಸೀಸೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಗಂಟೆಯೂ ಕ್ಯಾಮೆರಾವೂ ಇದ್ದ ಚಂದದ ಮುಂಬಾಗಿಲನ್ನು ದಾಟಿ, ಮನೆಯನ್ನು ಬಳಸಿ ಹಿಂದಕ್ಕೆ ಹೋದ.

ಹಿಂದೆ ಇದ್ದದ್ದು ಗಾಜಿನ ಜಾರುಬಾಗಿಲು. ತಟ್ಟಿದ. ಪರದೆ ಬೆರಳಗಲ ಸರಿಯಿತು. ಆಮೇಲೆ ಎದ್ದ ಕಿರುಚಾಟ ಪಿಕಪ್ಪಿನ ಗಾಜು ಏರಿಸಿದ್ದರೂ ನನಗೆ ಕೇಳಿತು. ಪೆಗ್‌ಗೆ ಕೇಳಲಿಲ್ಲ.

ಒಳಗಿನಿಂದ ಫೋನು ಹೋಗಿರಬೇಕು, ಹತ್ತು ನಿಮಿಷಕ್ಕೆ ಶೆರಿಫನ ಕಡೆಯ ಪೊಲೀಸ್ ಡಾರಿಲ್ ಬಂದ, ನಾನೂ ಗಾಡಿಯಿಂದಿಳಿದು ಅವನ ಹಿಂದೆ ಹೋದೆ. ವರ್ಲಿನ್ ಇನ್ನೂ ಅಲ್ಲೇ ನಿಂತಿದ್ದ. ಉತ್ತರ ಸಿಗುವ ಮುಂಚೆ ಬಾಗಿಲು ಬಿಟ್ಟು ಬರುವುದು ಮರ್ಯಾದೆಯಲ್ಲವಂತೆ.

"ವರ್ಲಿನ್, ಮುಂದುಗಡೆ ಗಂಟೆ ಇದೆಯಲ್ಲಪ್ಪ!"

"ಅದು ಗುರುತಿಲ್ಲದೋರಿಗೆ."

"ಅಯ್ಯೋ, ಈ ಮನೆಗೆ ನಿನ್ನ ಗುರುತಿಲ್ಲ ಕಣೋ!"

ಡಾರಿಲ್ ನಕ್ಕ. ನಾನೂ ನಕ್ಕೆ. ವರ್ಲಿನ್ ಮುಖ ನೋಡಿದ ಮೇಲೆ ನಗು ನಿಂತಿತು. ಈ ರಸ್ತೆಯಲ್ಲಿ ತನ್ನ ಗುರುತಿಲ್ಲದ ಮನೆಯೊಂದು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಮೆಲ್ಲಗೆ ತಲೆಗೆ ಹಾಕಿಕೊಂಡ.

ಬಾಗಿಲು ಸರಿಸಿ ಹೊರಬಂದವಳಿಗೆ ನಲವತ್ತರ ಆಸುಪಾಸು. ಕಣ್ಣು ಕೆಂಪಾಗಿತ್ತು. ಹೆಸರು ಕೊರಿನ್ ಬಾಸ್. "ನಾನು ನರ್ಸ್. ರಾತ್ರಿ ಪಾಳಿ ಮುಗಿಸಿ ಮಲಗಿ ಇನ್ನೂ ಒಂದು ಗಂಟೆ ಆಗಿಲ್ಲ" ಎಂದಳು.

"ತಪ್ಪಾಯ್ತಮ್ಮ" ಎಂದ ವರ್ಲಿನ್. ಜಾಮಿನ ಸೀಸೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟೇಬಿಟ್ಟ. ಕೇಳಲೇ ಇಲ್ಲ.

ಹೊರಟವನು ಕಾಲೆಡವಿದ್ದು ಪೆಗ್ ಮೇಲೆ. ನಾನು ತೆರೆದಿಟ್ಟ ಬಾಗಿಲಿನಿಂದ ಇಳಿದು, ಕಾಲೆಳೆಯುತ್ತ ಹಿಂಬದಿಗೆ ಬಂದಿದ್ದಳು. ಹಿಂಬಾಗಿಲಲ್ಲಿ ಮಾತು ಲಂಬಿಸುತ್ತದೆಂದು ಹದಿನಾಲ್ಕು ವರ್ಷದಲ್ಲಿ ಕಲಿತಿದ್ದಳು, ಉಸ್ಸೆಂದು ಅಲ್ಲೇ ಮಲಗಿದಳು. ಕೊರಿನ್ ಬಗ್ಗಿ ಅವಳ ಸೊಂಟಕ್ಕೆ ಕೈಯಿಟ್ಟು ಒತ್ತಿ ನೋಡಿದಳು.

"ಇಲ್ಲಿ ನೋಯುತ್ತಲ್ವಾ ಇವಳಿಗೆ? ನೀವು ಬಂದದ್ದು ಯಾಕೆ?"

ವರ್ಲಿನ್ ಮತ್ತೆ ಟೋಪಿ ತೆಗೆದ. "ನಾಳೆ ಈ ಜೌಗಿನಲ್ಲಿ ನಾನೂ ನನ್ನ ನಾಯಿಯೂ ಒಂದು ಸುತ್ತು ನಡೀಬಹುದಾ?"

"ಗುಂಡು ಹಾರಿಸ್ತೀರಾ?"

"ಒಂದೋ ಎರಡೋ."

"ಆಗಲ್ಲ" ಎಂದಳು. ಆ ಒಂದು ಮಾತಿಗೆ ಡಾರಿಲ್ ಕೂಡ ತನ್ನ ಬೂಟು ನೋಡಿಕೊಂಡ. "ನಾಳೆಯೂ ಎರಡರ ತನಕ ಮಲಗಿರ್ತೀನಿ."

"ಎರಡರ ಮೇಲೆ?"

"ಎರಡರ ಮೇಲೆ ಎದ್ದಿರ್ತೀನಿ" ಎಂದು ಪೆಗ್‌ಳ ಕಿವಿ ಸವರಿದಳು.

ಕೈಬರಹ ಬೇಕೆಂದು ಡಾರಿಲ್ ನೆನಪಿಸಿದ. ಕೊರಿನ್ ಸಾಮಾನಿನ ಪೆಟ್ಟಿಗೆಯಿಂದ ಒಂದು ತುಂಡು ರಟ್ಟು ಹರಿದು ಬರೆದಳು: "ಶನಿವಾರ ಎರಡು ಗಂಟೆಯ ನಂತರ. ಒಬ್ಬ ಮುದುಕ, ಒಂದು ಮುದಿನಾಯಿ."

ಶನಿವಾರ ಹತ್ತರಿಂದಲೇ ಊರಾಚೆಯ ಹೊಲಗಳಲ್ಲಿ ಢಮಾರ್ ಶುರುವಾಯಿತು. ವರ್ಲಿನ್ ನನ್ನ ಪಿಕಪ್ಪಿನಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತ ಕುಳಿತಿದ್ದ. ತಡವಾದದ್ದರಿಂದ ನಷ್ಟವಾಗಲಿಲ್ಲ. ಬೇರೆಯವರು ಹೊಡೆದು ಬೆದರಿಸಿದ ಹಕ್ಕಿಗಳೆಲ್ಲ ಮಾರ್ಲಿಸ್‌ಳ ಜೊಂಡಿಗೇ ಬಂದಿಳಿಯುತ್ತಿದ್ದವು. ಅನ್ಯರ ತೋಟಾ, ನಮ್ಮ ಹಕ್ಕಿ. ಇಂಥ ವ್ಯಾಪಾರ ನನಗೆ ಜೀವಮಾನದಲ್ಲಿ ಕುದುರಿಲ್ಲ.

ಎರಡಕ್ಕೆ ಪರದೆ ಸರಿಯಿತು. ಕೊರಿನ್ ಕಾಫಿ ಲೋಟ ಹಿಡಿದು ಹೊರಗೆ ಬಂದು ನಿಂತಳು. ವರ್ಲಿನ್ ಜೌಗಿಗಿಳಿದ. ಪೆಗ್‌ಗೆ ಕೇಳಿಸದ್ದರಿಂದ ಎಲ್ಲವೂ ಕೈಸನ್ನೆಯಲ್ಲೇ. ಹತ್ತು ಹೆಜ್ಜೆಗೊಮ್ಮೆ ಅವಳು ನಿಂತು ಸುಧಾರಿಸಿಕೊಳ್ಳುತ್ತಿದ್ದಳು, ಅವನೂ ತನಗೇ ಆಯಾಸವಾದಂತೆ ನಿಲ್ಲುತ್ತಿದ್ದ. ಜೊಂಡಿನ ನಡುವೆ ಅವಳ ಬಾಲ ಬಿರುಸಾಯಿತು. ಮೂಗು ನೆಲಕ್ಕಿಳಿಯಿತು. ಕೊಕ್ಕೊಕ್ಕೊ ಎಂದು ಬೈಯುತ್ತ ಹುಂಜ ನೆಟ್ಟಗೆ ಮೇಲೆದ್ದಿತು. ಕೆಂಪು ಮುಖ, ಬಿಳಿ ಕೊರಳಪಟ್ಟಿ, ಮೊಳದುದ್ದದ ಬಾಲ.

ಒಂದೇ ಗುಂಡು.

ಬಿದ್ದದ್ದು ಜೌಗಿನ ಆಚೆ ದಡದಲ್ಲಿ. ಪೆಗ್ ಹೋದಳು. ಬಹಳ ಹೊತ್ತಾಯಿತು. ನಾನು ಹೋಗಿ ತರಲೇ ಎಂದೆ. "ಸುಮ್ಮನಿರು" ಎಂದ ವರ್ಲಿನ್. ಜೊಂಡು ಅಲ್ಲಾಡಿತು. ಹುಂಜ ಕಚ್ಚಿಕೊಂಡು ಬಂದಳು, ಎರಡು ಸಲ ಮುಗ್ಗರಿಸಿದಳು, ಎದ್ದಳು. ಅವನು ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಮಂಡಿಯೂರಿ ಅಂಗೈ ಒಡ್ಡಿಕೊಂಡಿದ್ದ. ಅವಳು ಹುಂಜವನ್ನು ಅದರ ಮೇಲಿಟ್ಟು ಅವನ ಮುಖ ನೋಡಿದಳು.

"ಸರಿಯಾಯ್ತಲ್ಲೇ?" ಎಂದು ಆ ಕಿವುಡಿಯನ್ನು ಕೇಳಿದ.

ಕಾಯ್ದೆ ಮೂರು ಹುಂಜಕ್ಕೆ ಬಿಡುತ್ತದೆ, ಸೂರ್ಯ ಇನ್ನೂ ಮೇಲಿದ್ದ. ವರ್ಲಿನ್ ನಳಿಗೆ ಮಡಿಸಿ ತೋಟಾ ತೆಗೆದು ಜೇಬಿಗೆ ಹಾಕಿದ. ಉಳಿದ ತೋಟಾಗಳ ಜೊತೆ ಅದೂ ಗಲ್ ಎಂದಿತು. ನನ್ನ ಕರ್ಮ. ಮಾರನೇ ದಿನ ಉಪ್ಪುನೀರಿನ ಪಾತ್ರೆ ಎರಡು ಹಿಂಬಾಗಿಲಿಗೆ ಹೋಯಿತು, ಅರ್ಧ ಮಾರ್ಲಿಸ್‌ಗೆ, ಅರ್ಧ ಕೊರಿನ್‌ಗೆ.

ಡಿಸೆಂಬರಿನ ಮೊದಲ ದೊಡ್ಡ ಹಿಮಕ್ಕೆ ಪೆಗ್ ಹೋದಳು. ಕೊನೆಯ ಎರಡು ಬೆಳಿಗ್ಗೆ ಕೊರಿನ್ ಪಾಳಿ ಮುಗಿಸಿ ನೇರ ವರ್ಲಿನ್ ಮನೆಗೆ ಹೋಗಿ ನಾಯಿಯ ಪಕ್ಕ ಕುಳಿತಿದ್ದಳು.

ಮಾರ್ಲಿಸ್‌ಳ ಅಣ್ಣನ ಮಗ ಈಗ ಬಡಾವಣೆಯವರ ಜೊತೆ ಮಾತಾಡುತ್ತಿದ್ದಾನೆಂದು ಸುದ್ದಿ. ಜೌಗು ಎಷ್ಟು ವರ್ಷ ಇದ್ದೀತೋ. ನಾಯಿಯಿಲ್ಲದ ವರ್ಲಿನ್ ಈ ಸಲ ಕೇಳಲು ಬರುತ್ತಾನೋ ಇಲ್ಲವೋ ಎಂದು ನಾನೂ ಯೋಚಿಸುತ್ತಿದ್ದೆ. ಆಗಸ್ಟಿನಲ್ಲಿ ಕೊರಿನ್ ಅಂಗಡಿಗೆ ಬಂದಳು. ಕಾಲೊರಸು ಬೇಕೆಂದಳು, ಗಟ್ಟಿ ನಾರಿನದು.

"ಮುಂಬಾಗಿಲಿಗೆ ತಾನೇ?"

"ಅಲ್ಲ, ಹಿಂದಕ್ಕೆ."

"ಅಲ್ಲಿ ಯಾರಮ್ಮ ಬರ್ತಾರೆ?"

"ನಿನ್ನೆ ಬಂದಿದ್ರು" ಎಂದಳು. "ಬೂಟು ತುಂಬಾ ಕೆಸರು. ಕೋಟಿನೊಳಗೆ ಒಂದು ಮರಿ. ಅದರ ಹೆಸರು ಹೇಳಿ, ಇವಳ ಪರವಾಗಿಯೂ ಕೇಳ್ತಿದೀನಿ ಅಂದ್ರು."