ಊಟಕ್ಕೆ ಬಿಟ್ಟ ಜಾಗ

ಮಗಳ ಶಾಲೆಯ ಪ್ರಾಜೆಕ್ಟಿಗೆ ಗೋಂದು ಹುಡುಕುತ್ತ ಮೆಟ್ಟಿಲ ಕೆಳಗಿನ ಕಪಾಟು ತೆರೆದವಳಿಗೆ ಮೊದಲು ಬಡಿದದ್ದು ವಾಸನೆ. ಕೆಮ್ಮಿನ ಔಷಧಿಯ ಹಳೆಯ ಬಾಟಲಿಯೊಂದು ಅಡ್ಡ ಬಿದ್ದು, ಮುಚ್ಚಳದ ಸಂದಿಯಿಂದ ನೇರಳೆ ಶಾಯಿ ಒಸರಿ, ಹಲಗೆಯ ಮೇಲೆ ಅಂಟಂಟಾಗಿ ಹರಡಿತ್ತು. ಮೊಹರಿನ ಶಾಯಿಗೆ ಗ್ಲಿಸರಿನ್ ಬೆರೆಸಿದರೆ ಬರುವ ವಾಸನೆ ಅದು; ಸ್ವಲ್ಪ ಸಿಹಿ, ಸ್ವಲ್ಪ ಹಳೆಯ ಪೋಸ್ಟಾಫೀಸು. ಒರೆಸಲು ಬಟ್ಟೆ ತಂದವಳು ಒರೆಸದೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಪಕ್ಕದ ಮನೆಯ ಅಂಕಲ್ ಬೆರೆಸಿದ ಶಾಯಿ...

ಕ್ವಾಲಾಲಂಪುರದ ಪಕ್ಕದ ಸುಬಾಂಗ್ ಜಯಾದ ನಮ್ಮ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ. ಅವರ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಮ್ಮ ಮನೆಯಲ್ಲಿ ಸೀನು. ಅಂಕಲ್ ಮಂಗಳೂರಿನ ಕ್ರಿಶ್ಚಿಯನ್ನರು, ನಾನು ಧಾರವಾಡದವಳು. ಮಾತುಮಾತಿಗೆ ನಾನು 'ರಿ' ಹಚ್ಚುವುದು ಅವರಿಗೆ ದೊಡ್ಡ ತಮಾಷೆ. "ಇಲ್ಲಿಯವರಿಗೆ ಲಾ, ನಿನಗೆ ರಿ. ಬಾಲ ಇಲ್ಲದೆ ಯಾರಿಗೂ ಮಾತಾಡ್ಲಿಕ್ಕೆ ಬರುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಅವರ 'ಮಾರಾಯ್ತಿ' ಮಾತ್ರ ಬಾಲವಲ್ಲವಂತೆ.

ಪ್ರಾಯದಲ್ಲಿ ಅವರು ದೂರದೇಶದ ಒಂದು ಊರಿನಲ್ಲಿ, ನೆಲದಡಿ ಓಡುವ ರೈಲಿನ ಗಡಿಯಾರಗಳನ್ನು ರಿಪೇರಿ ಮಾಡುತ್ತಿದ್ದರು. ಊರಿನ ಹೆಸರು ಬರೆಯುವುದಿಲ್ಲ; ಅಲ್ಲಿಯವನೊಬ್ಬನ ಕಳ್ಳಾಟವನ್ನು ಮುಂದೆ ಹೇಳುವುದಿದೆ. ಆಮೇಲೆ ಕ್ವಾಲಾಲಂಪುರದಲ್ಲಿ ಸುರಂಗ ಕೊರೆದು ರೈಲು ಬಿಡುವಾಗ ಸಿಗ್ನಲ್ ಕೆಲಸಕ್ಕೆಂದು ಇಲ್ಲಿಗೆ ಬಂದರು, ನಿವೃತ್ತಿಯಾಗಿ ಇಲ್ಲೇ ಉಳಿದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅಂಕಲ್, ಆಂಟಿ ಮತ್ತು ಹಳೆಯ ಕೆಲಸದಿಂದ ತಂದ ಒಂದು ಗಡಿಯಾರ.

ಗಡಿಯಾರ ಎಂದರೆ ಮುಳ್ಳಿನದಲ್ಲ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಊಟದ ತಟ್ಟೆಯಷ್ಟಗಲದ ದುಂಡನೆಯ ಬಿಳಿ ಕಾಗದ. ಕಾಗದದ ಅಂಚಿನಲ್ಲಿ ಗಂಟೆ, ನಿಮಿಷಗಳ ಸಣ್ಣ ಗೆರೆಗಳು. ಹನ್ನೆರಡು ಗಂಟೆಗೊಮ್ಮೆ ಅದು ಒಂದು ಸುತ್ತು ತಿರುಗುತ್ತದೆ. ಹಿಂದೆ ಸುರಂಗದಲ್ಲಿ ಒಂದೊಂದು ರೈಲು ದಾಟಿದಾಗಲೂ ಹಳಿಯಿಂದ ತಂತಿಯಲ್ಲಿ ಸುದ್ದಿ ಬಂದು, ಪೆನ್ನು ಟಕ್ಕೆಂದು ಒದ್ದು, ಅಂಚಿನಲ್ಲಿ ಒಂದು ಗೀರು ಎಳೆಯುತ್ತಿತ್ತಂತೆ. ಕಾಗದ ತೆಗೆದು ನೋಡಿದರೆ ಎರಡು ರೈಲುಗಳ ನಡುವೆ ಎಷ್ಟು ಹೊತ್ತು ಹೋಯಿತು, ಎಲ್ಲಿ ತಡವಾಯಿತು, ಎಲ್ಲಿ ಎರಡು ಒಂದರ ಬೆನ್ನಿಗೊಂದು ಬಂದವು, ಎಲ್ಲ ಕಣ್ಣೆದುರಿಗೆ. ಕಂಪ್ಯೂಟರು ಬಂದ ಮೇಲೆ ಗುಜರಿಗೆ ಹೊರಟಿದ್ದನ್ನು ಅಂಕಲ್ ಕೇಳಿ ತಂದಿದ್ದರು. ತನ್ನ ಸೀರೆಯ ಪೆಟ್ಟಿಗೆಯನ್ನು ಅಲ್ಲೇ ಬಿಡಿಸಿ ಇದನ್ನು ಹೊತ್ತು ತಂದರೆಂಬುದು ಆಂಟಿಯ ಆರದ ಸಿಟ್ಟು.

ರೋಗ ಬಂದ ವರ್ಷ, ಮಾರ್ಚ್ ಮೊದಲಿಗೆ, ಆಂಟಿ ತಂಗಿಯ ಮಗಳ ಮದುವೆಗೆಂದು ಎರಡು ವಾರದ ಮಟ್ಟಿಗೆ ಮಂಗಳೂರಿಗೆ ಹೋದರು. ಅಷ್ಟರಲ್ಲಿ ಗಡಿ ಮುಚ್ಚಿತು. ನನ್ನ ಗಂಡ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರು. ರಾಜ್ಯ ದಾಟುವಂತಿಲ್ಲವೆಂದು ಅವರೂ ಅಲ್ಲೇ ಉಳಿದರು. ಗೋಡೆಯ ಆಚೆ ಅಂಕಲ್ ಒಬ್ಬರೇ, ಈಚೆ ನಾನು ಮತ್ತು ಆರು ವರ್ಷದ ಮಗಳು. ಆಂಟಿ ಫೋನಿನಲ್ಲಿ ಹೇಳಿದರು, "ನೋಡು ಮಗಾ, ಇವರು ಹುಷಾರಿಲ್ಲದಿದ್ರೂ ಬಾಯಿಬಿಟ್ಟು ಹೇಳುವ ಜನ ಅಲ್ಲ. ನಾನು ಬರುವವರೆಗೆ ಒಂದು ಕಣ್ಣಿಟ್ಟಿರು."

"ಚಿಂತೀ ಮಾಡಬ್ಯಾಡ್ರಿ ಆಂಟಿ, ನಾ ಇದ್ದೀನಲ್ರಿ" ಎಂದೆ. ಮಾತು ಕೊಡುವುದಕ್ಕೆ ಏನು ಕಷ್ಟ.

ನಮ್ಮ ಎದುರು ಸಾಲಿನ ಮನೆಗಳ ಹಿಂದೆ ಕಂಬಗಳ ಮೇಲೆ ಎಲ್‌ಆರ್‌ಟಿ ಹಳಿ ಇದೆ. ಇಲ್ಲಿ ಆಕಾಶದಲ್ಲಿ ಹೋಗುವ ಆ ರೈಲು ಮುಂದೆ ಪೇಟೆಯಲ್ಲಿ ಅಂಕಲ್ ಕೆಲಸ ಮಾಡಿದ ಸುರಂಗಕ್ಕೇ ಇಳಿಯುತ್ತದೆ. ಲಾಕ್‌ಡೌನಿನ ಎರಡನೆಯ ವಾರ ಅವರು ಗಡಿಯಾರವನ್ನು ಮುಂಬಾಗಿಲಿನ ಪಡಸಾಲೆಯ ಗೋಡೆಗೆ ತಗುಲಿಸಿ, ಕಾಲಿಂಗ್ ಬೆಲ್ಲಿನ ಗುಂಡಿಯೊಂದನ್ನು ಅದಕ್ಕೆ ಜೋಡಿಸಿದರು. ಹಳಿಯ ತಂತಿ ಮಾಡುತ್ತಿದ್ದ ಕೆಲಸ ಈಗ ಅವರ ಹೆಬ್ಬೆರಳಿಗೆ ಬಂತು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ, ಪೇಟೆಯ ಕಡೆ ಹೋಗುವ ರೈಲು ಕಂಡಾಗಲೆಲ್ಲ ಒಂದು ಒತ್ತು.

"ಯಾಕ್ರಿ ಅಂಕಲ್ ಇದೆಲ್ಲಾ?" ಎಂದು ಕೇಳಿದೆ.

"ಊರೆಲ್ಲ ನಿಂತಿದೆ ಮಾರಾಯ್ತಿ, ಓಡುದು ಇದೊಂದೇ. ಯಾರಾದ್ರೂ ನೋಡ್ಬೇಕಲ್ಲ" ಎಂದರು.

ಅವರದ್ದೊಂದು ನಿಯಮವಿತ್ತು. ಕಣ್ಣಾರೆ ಕಾಣದ ರೈಲಿಗೆ ಗೀರಿಲ್ಲ. ತಪ್ಪಿಹೋದರೆ ಆ ಜಾಗ ಖಾಲಿ ಬಿಟ್ಟು, ಸಂಜೆ ಪೆನ್ಸಿಲಿನಲ್ಲಿ ಕಾರಣ ಬರೆಯಬೇಕು. 'ಸ್ನಾನ.' 'ಮಳೆ, ಕಾಣಲಿಲ್ಲ.' 'ಹೆಂಡತಿಯ ಫೋನು.' ಮಧ್ಯಾಹ್ನ ಒಂದು ಗಂಟೆಯ ಹತ್ತಿರ ದಿನಾ ಒಂದು ಖಾಲಿ ಜಾಗ, ಅದರಲ್ಲಿ 'ಊಟ'. ಊಟದ ಜಾಗ ಅಗಲವಾಗಿದ್ದರೆ ಅಂದು ಮೀನು ಸಿಕ್ಕಿದೆ ಎಂದು ತಿಳಿಯಬೇಕು. ಪೆನ್ನಿನ ಶಾಯಿಯನ್ನು ಅಂಕಲ್ ತಾವೇ ಬೆರೆಸಿಕೊಳ್ಳುತ್ತಿದ್ದರು; ಅಚ್ಚಾದ ಕಾಗದಗಳು ಮುಗಿದಾಗ ನನ್ನ ಮಗಳು ಡ್ರಾಯಿಂಗ್ ಶೀಟಿನ ಮೇಲೆ ಸ್ಟೀಲ್ ತಟ್ಟೆ ಕವುಚಿಟ್ಟು ದುಂಡಗೆ ಕತ್ತರಿಸಿ ಕೊಡುತ್ತಿದ್ದಳು, ಗಂಟೆಯ ಗೆರೆಗಳನ್ನು ಅವರು ಎಳೆದುಕೊಳ್ಳುತ್ತಿದ್ದರು. ಕಾಂಪೌಂಡಿನ ಈಚೆಯಿಂದ "ಅಂಕಲ್, ದಿಸ್ ಟ್ರೈನ್ ಲೇಟ್ ಲಾ" ಎಂದು ಅವಳು ಕೂಗುವುದು, ಅವರು "ಬರೆದುಕೊಂಡೆ ಮೇಡಂ" ಎನ್ನುವುದು, ಇದು ಇಬ್ಬರ ನಿತ್ಯದ ಆಟ.

ಆ ಕಳ್ಳಾಟದ ಕತೆ ಹೇಳಿದ್ದೂ ಆ ದಿನಗಳಲ್ಲೇ. ಹಳೆಯ ಊರಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ತಂತಿ ಕಡಿದಿದ್ದನ್ನು ಗಮನಿಸಲೇ ಇಲ್ಲವಂತೆ. ಬೈಗುಳಕ್ಕೆ ಹೆದರಿ, ಇಡೀ ಪಾಳಿಯ ಗೀರುಗಳನ್ನು ಸ್ಕೇಲ್ ಇಟ್ಟು ತಾನೇ ಎಳೆದ. ಮೇಲಧಿಕಾರಿ ಒಮ್ಮೆ ನೋಡಿದ್ದೇ ಹಿಡಿದುಬಿಟ್ಟ. "ನಿಜದ ರೈಲು ಬಾಚಣಿಗೆಯ ಹಲ್ಲಿನ ಹಾಗೆ ಬರುದಿಲ್ಲ. ಎಲ್ಲೋ ಒಬ್ಬಳು ಅಜ್ಜಿ ಹತ್ತುವಾಗ ತಡ ಆಗ್ತದೆ, ಎಲ್ಲೋ ಒಂದು ಕೊಡೆ ಬಾಗಿಲಿಗೆ ಸಿಕ್ಕಿಬೀಳ್ತದೆ. ತೀರಾ ಸರಿ ಉಂಟಾ, ಸಂಶಯಪಡು" ಎಂದರು. ನಾನು ತಲೆಯಾಡಿಸಿದೆ. ಕಿವಿಗೆ ಬಿದ್ದದ್ದೆಲ್ಲ ತಲೆಗೆ ಇಳಿಯುತ್ತದೆಯೇ?

ಸಂಜೆ ಐದಕ್ಕೆ ಅವರು ಅಂದಿನ ಕಾಗದವನ್ನು ಬಟ್ಟೆಯ ಕ್ಲಿಪ್ಪಿನಿಂದ ತಮ್ಮ ಗೇಟಿಗೆ ಸಿಕ್ಕಿಸುತ್ತಿದ್ದರು. ನಾನು ತೆಗೆದುಕೊಂಡು ಫೋಟೋ ಹೊಡೆದು ಆಂಟಿಗೆ ಕಳಿಸಬೇಕು. ಆಂಟಿ ಅದನ್ನು ಓದುತ್ತಿದ್ದ ರೀತಿಗೆ ನಾನು ಬೆರಗಾಗುತ್ತಿದ್ದೆ. "ಹತ್ತರಿಂದ ಹನ್ನೊಂದರ ಒಳಗೆ ಮೂರು ಸಲ ಎದ್ದಿದ್ದಾರೆ. ಕಾಫಿ ಜಾಸ್ತಿ ಆಗಿದೆ, ಹೇಳು." ನಾನು ಗೋಡೆಯಾಚೆ ಹೇಳಿದರೆ ಅಂಕಲ್ ಕಳ್ಳನ ಹಾಗೆ ಲೋಟ ಹಿಂದೆ ಸರಿಸುತ್ತಿದ್ದರು.

ಎರಡನೆಯ ವರ್ಷ ಮಳೆಗಿಂತ ಜೋರಾಗಿ ಕಷ್ಟ ಸುರಿಯಿತು. ಮನೆಯಲ್ಲಿ ಅಕ್ಕಿಯಿಲ್ಲದವರು ಬಿಳಿ ಬಟ್ಟೆಯೊಂದನ್ನು ಹೊರಗೆ ಕಟ್ಟಿದರೆ ಕಂಡವರು ನೆರವಾಗುವುದೆಂದು ಇಲ್ಲಿ ಶುರುವಾಗಿತ್ತು. ಒಂದು ಸಂಜೆ ನಾನು ಕಾಗದ ತೆಗೆಯುವುದು ಅರ್ಧ ಗಂಟೆ ತಡವಾಯಿತು. ಹೋಗಿ ನೋಡಿದರೆ ಅಂಕಲ್ ಗೇಟಿನೊಳಗೆ ತಬ್ಬಿಬ್ಬಾಗಿ ನಿಂತಿದ್ದರು. ಕಾಲ ಬಳಿ ಐದು ಕಿಲೋ ಅಕ್ಕಿ, ಮೊಟ್ಟೆ, ಸಾರ್ಡೀನ್ ಡಬ್ಬಿ, ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಬಿಸಿ ಪಾರ್ಸೆಲ್ ಪೊಟ್ಟಣ. ಗೇಟಿನ ಬಿಳಿ ಕಾಗದವನ್ನು ಯಾರೋ ಪುಣ್ಯಾತ್ಮರು ಬಿಳಿ ಬಾವುಟ ಎಂದುಕೊಂಡಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಅಕ್ಕಿ, ಮೊಟ್ಟೆ, ಡಬ್ಬಿ ನಿಜವಾದ ಬಿಳಿ ಬಟ್ಟೆಯಿದ್ದ ಮನೆಗೆ ಹೋದವು. ಪೊಟ್ಟಣವನ್ನು ಮಾತ್ರ ಅಂಕಲ್ ಬಿಡಲಿಲ್ಲ. ಕಾಗದವನ್ನು ನನ್ನಿಂದ ವಾಪಸ್ ತೆಗೆದುಕೊಂಡು, ಐದು ಗಂಟೆಯ ಆಚೆಗೆ ಪೆನ್ಸಿಲಿನಲ್ಲಿ ಬರೆದರು: 'ಊಟ, ಧರ್ಮದ್ದು.' ಆಂಟಿ ನಕ್ಕ ನಗುವಿಗೆ ಫೋನು ಬಿಸಿಯಾಯಿತು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ... ಸೈಬರ್‌ಜಯಾದ ನನ್ನ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಿಡುವ ವಾರ. ಮನೆಯಿಂದಲೇ ಕೆಲಸ, ಬೆಳಿಗ್ಗೆಯಿಂದ ಸಂಜೆಯವರೆಗೆ ಮಹಡಿಯ ಮೇಲೆ ಕಿವಿಗೆ ಹೆಡ್‌ಫೋನ್. ಐದಕ್ಕೆ ಓಡಿಬಂದು ಕಾಗದ ತೆಗೆದೆ. ಗೀರುಗಳೆಲ್ಲ ಅಚ್ಚುಕಟ್ಟಾಗಿ ಸಾಲು ನಿಂತಿದ್ದವು. ಫೋಟೋ ಹೊಡೆಯಲೂ ಪುರಸೊತ್ತಿಲ್ಲದೆ "ಇವತ್ತಿಂದು ಫಸ್ಟ್ ಕ್ಲಾಸ್ ಅದ ರಿ ಆಂಟಿ, ಫೋಟೋ ನಾಳೆ" ಎಂದು ಬರೆದು ಹಾಕಿದೆ. ಮರುದಿನದ ಕಾಗದವೂ ಹಾಗೇ ಚೊಕ್ಕಟ. ಅಂದು ಎರಡನ್ನೂ ಒಟ್ಟಿಗೆ ಕಳಿಸಿದೆ. ನಿಮಿಷದೊಳಗೆ ಫೋನು ಬಂತು.

"ಊಟ ಎಲ್ಲಿ?" ಎಂದರು ಆಂಟಿ.

"ಏನ್ರಿ ಆಂಟಿ?"

"ಊಟದ ಜಾಗ ಎಲ್ಲಿ ಮಗಾ? ಒಂದು ಗಂಟೆಯಲ್ಲಿ ನೋಡು, ಎಲ್ಲ ಗೀರುಂಟು. ನಿನ್ನೆಯೂ ಉಂಟು. ಇದು ಇವರು ರೈಲು ನೋಡಿ ಒತ್ತಿದ್ದಲ್ಲ, ಸ್ಕೇಲಲ್ಲಿ ಎಳೆದದ್ದು. ಇವರಿಗೆ ಏಳ್ಲಿಕ್ಕೆ ಆಗ್ತಾ ಇಲ್ಲ. ನೀನು ಹೋಗು, ಈಗಲೇ ಹೋಗು."

ಎರಡು ದಿನದಿಂದ ಗೋಡೆಯಾಚೆಯ ಆ ಟಕ್ ಸದ್ದನ್ನು ನಾನು ಕೇಳಿಯೇ ಇಲ್ಲವೆಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು. ಗೇಟಿನಿಂದ ಕೂಗಿದೆ. ಅಂಕಲ್ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಎಂತ ಇಲ್ಲ ಮಾರಾಯ್ತಿ... ಸ್ವಲ್ಪ... ಶೀತ."

ಮೂರು ಮಾತಿಗೆ ಮೂರು ಸಲ ಉಸಿರು ಎಳೆದುಕೊಂಡರು. ನಾನು ಗಂಡನಿಗೆ ಫೋನು ಮಾಡಿದೆ. ಒಂದು ಕ್ಷಣವೂ ಕಾಯಬೇಡ, ಆಂಬುಲೆನ್ಸ್ ಕರೆಸು ಎಂದರು. ಕರೆಸಿದೆ. ಅದು ಬರುವವರೆಗೆ ಅಂಕಲ್ ಪಡಸಾಲೆಯ ಕುರ್ಚಿಯಲ್ಲಿ, ನಾನು ಗೇಟಿನ ಹೊರಗೆ.

"ಅವಳಿಗೆ ಗೊತ್ತಾಯ್ತಾ?"

"ಆಂಟೀನೇ ಹೇಳಿದ್ದು ರಿ ಅಂಕಲ್. ಊಟದ ಜಾಗ ಬಿಟ್ಟಿಲ್ಲ ಅಂದ್ರು."

ಅವರು ನಕ್ಕರು, ನಗು ಕೆಮ್ಮಾಯಿತು. "ಛೆ. ಊಟ ಮರ್ತೇ ಹೋಯ್ತು ನೋಡು." ಸುಧಾರಿಸಿಕೊಂಡು, "ಕಾಗದ ಹೋಗದಿದ್ರೆ ಅವಳಿಗೆ ಅಲ್ಲಿ ನಿದ್ದೆ ಬರುದಿಲ್ಲ" ಎಂದರು.

ಮೈತುಂಬ ಬಿಳಿ ಉಡುಪು ತೊಟ್ಟ ಇಬ್ಬರು ಬಂದು ಅವರನ್ನು ಸ್ಟ್ರೆಚರಿನಲ್ಲಿ ಮಲಗಿಸಿದರು. ಗಡಿಯಾರದಲ್ಲಿ ನಾಳೆಯದೆಂದು ಹೊಸ ಕಾಗದ ಆಗಲೇ ಹಾಕಿಟ್ಟಿದ್ದರು. ಗೇಟಿನ ಹತ್ತಿರ ಬರುವಾಗ ಎದುರು ಮನೆಗಳ ಹಿಂದೆ ರೈಲು ಹೋಯಿತು. ಹೊದಿಕೆಯ ಹೊರಗಿದ್ದ ಅವರ ಹೆಬ್ಬೆರಳು ತಾನಾಗಿ ಗಾಳಿಯಲ್ಲಿ ಒತ್ತಿದ್ದನ್ನು ನಾನು ನೋಡಿದೆ. ನನಗೇನು ಅನ್ನಿಸಿತೋ, ಬೇಡವೆನ್ನುವವರನ್ನು ದಾಟಿ ಒಳನುಗ್ಗಿ ಗುಂಡಿ ಒತ್ತಿದೆ. ಟಕ್.

ಅಂಕಲ್ ತಲೆ ಹೊರಳಿಸಿದರು. "ಅರ್ಧ ನಿಮಿಷ ಲೇಟ್" ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ನರ್ಸೊಬ್ಬಳು ಫೋನು ಹಿಡಿದು ಎರಡು ಸಲ ಆಂಟಿಯ ಮುಖ ತೋರಿಸಿದಳಂತೆ. ಹತ್ತನೆಯ ದಿನ ತೋರಿಸುವುದಕ್ಕೆ ಅವರಿರಲಿಲ್ಲ. ಮಣ್ಣು ಮಾಡಿದ್ದನ್ನೂ ಆಂಟಿ ಮಂಗಳೂರಿನಲ್ಲಿ ಕುಳಿತು ಫೋನಿನಲ್ಲೇ ನೋಡಿದರು. ಒಂದು ದಿನ ಮೊದಲು ಹೋಗಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಗಂಡನನ್ನು ಕೇಳಿದೆ. ಅವರು ಡಾಕ್ಟರು, ಸುಳ್ಳು ಹೇಳುವುದಿಲ್ಲ, ಗೊತ್ತಿಲ್ಲ ಎಂದರು.

ಗಡಿ ತೆರೆದ ಮೇಲೆ ಆಂಟಿ ಬಂದರು. ಮನೆ ಖಾಲಿ ಮಾಡುವ ಮುಂಚೆ, ನಾನು ಜೋಪಾನ ಮಾಡಿದ್ದ ಕಾಗದಗಳನ್ನೆಲ್ಲ ನಮ್ಮ ನೆಲದ ಮೇಲೆ ಹರಡಿಕೊಂಡು ಕುಳಿತರು. ಫೋಟೋ ಕಳಿಸದ ಆ ದಿನದ ವಿಷಯ ತೆಗೆದು ನಾನು ಅತ್ತೆ. ಅವರು, "ನೀನು ಫಸ್ಟ್ ಕ್ಲಾಸ್ ಅಂತ ಬರೆದಾಗಲೇ ನನಗೆ ಸಂಶಯ ಬರ್ಬೇಕಿತ್ತು ಮಗಾ. ಇವರು ಫಸ್ಟ್ ಕ್ಲಾಸ್ ಆದದ್ದು ಯಾವಾಗ?" ಎಂದರು. ಅಳುವಿನ ನಡುವೆ ನಗು ಬಂತು. ಊಟವಿಲ್ಲದ ಆ ಎರಡು ಕಾಗದಗಳನ್ನು ಮಡಿಸದೆ ಚೀಲಕ್ಕೆ ಹಾಕಿಕೊಂಡರು. "ರೈಲಿನ ವಿಷಯದಲ್ಲಿ ಇವರು ಹೇಳಿದ ಸುಳ್ಳು ಇದೊಂದೇ. ಅದೂ ನನಗೆ. ನಾನೇ ಇಟ್ಟುಕೊಳ್ತೇನೆ."

ಕೊನೆಗೆ, ಒಂದೇ ಒಂದು ಗೀರಿದ್ದ ಬಿಳಿ ಕಾಗದ ಕೈಗೆ ಬಂತು.

"ಇದು ಯಾರದ್ದು?"

"ನಂದು ರಿ. ಅರ್ಧ ನಿಮಿಷ ಲೇಟು."

ಆಂಟಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಆಮೇಲೆ ಪೆನ್ಸಿಲ್ ಕೇಳಿ ಪಡೆದು, ಗೀರಿನ ಮುಂದಿನ ಖಾಲಿ ಜಾಗದಲ್ಲಿ ಏನೋ ಬರೆದು ನನಗೆ ಕೊಟ್ಟರು. ಗಡಿಯಾರ ಅವರ ಜೊತೆ ಮಂಗಳೂರಿಗೆ ಹೋಯಿತು. ಈ ಸಲ ಬಿಟ್ಟುಹೋದದ್ದು ಶಾಯಿಯ ಬಾಟಲಿ ಮಾತ್ರ.

ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ. ರೈಲಿಗೆ ಮೊದಲಿನಂತೆ ಜನ ತುಂಬುತ್ತಾರೆ. ಅದು ಹೋದಾಗಲೆಲ್ಲ ನನಗೆ ಅಂಕಲ್ ಬೇಕೆನಿಸುತ್ತದೆ. ಇಷ್ಟು ವರ್ಷವಾದರೂ ಅದೇನೂ ಕಡಿಮೆಯಾಗಿಲ್ಲ. ಇವತ್ತು ಆ ಶಾಯಿ ಒರೆಸುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಕಪಾಟಿನಿಂದ ಆ ದುಂಡನೆಯ ಕಾಗದ ಎಳೆದು, ಒಂದು ಗೀರು ನೋಡಿದಳು, ಇಡೀ ಸುತ್ತು ಖಾಲಿಯಿರುವುದನ್ನು ನೋಡಿದಳು, ಆಂಟಿಯ ಪೆನ್ಸಿಲ್ ಅಕ್ಷರವನ್ನು ಕೂಡಿಸಿಕೊಂಡು ಓದಿದಳು.

"ಊ...ಟ. ಅಮ್ಮಾ, ಸೋ ಲಾಂಗ್ ಲಂಚ್?"

"ಹೌದವ್ವಾ" ಎಂದೆ. "ಮೀನು ಸಿಕ್ಕಿರಬೇಕು."