ಎಡಗೈಗೊಂದು ಚಾಕು

ನಮ್ಮಕ್ಕ ಕೆಲಸ ಮಾಡುವುದು ಚಾಕುವಿನ ಕಾರ್ಖಾನೆಯಲ್ಲಿ. ಭಾವನದೂ ಚಾಕುವಿನ ಕಾರ್ಖಾನೆಯೇ, ಆದರೆ ಬೇರೆಯದು. ಎರಡರ ನಡುವೆ ಇರುವುದು ಒಂದು ಗೋಡೆ ಮಾತ್ರ. ಆಚೆ ಸಾಣೆ ತಿರುಗಿದರೆ ಈಚೆ ಮೇಜಿನ ಮೇಲಿನ ಸ್ಕ್ರೂಗಳು ಕುಣಿಯುತ್ತವೆ. ಎರಡೂ ಕಡೆ ತಯಾರಾಗುವುದು ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕು. ಇವರೊಂದು ಹೊಸ ಮಾದರಿ ತಂದರೆ ಅವರಿಗೆ ನಿದ್ದೆ ಹತ್ತುವುದಿಲ್ಲ, ಅವರು ತಂದರೆ ಇವರಿಗೆ ಊಟ ಸೇರುವುದಿಲ್ಲ.

ಅಕ್ಕ, ಭಾವ ಪರಿಚಯವಾದದ್ದು ಎರಡೂ ಕಾರ್ಖಾನೆಯವರು ಕಾಯುವ ಬಸ್ ಸ್ಟಾಪಿನಲ್ಲಿ. ಮದುವೆಯ ಸುದ್ದಿ ಕೇಳಿ ಅಕ್ಕನ ಕಾರ್ಖಾನೆಯ ಮಾಲೀಕರು, "ನಮ್ಮ ಗುಟ್ಟೆಲ್ಲ ಇನ್ನು ನಿಮ್ಮ ಅಡುಗೆಮನೇಲಿ ಅನ್ನಿ" ಎಂದು ನಕ್ಕರಂತೆ. ಅಕ್ಕನಿಗೆ ಆ ನಗು ಹಿಡಿಸಲಿಲ್ಲ. ಹಾಗಾಗಿ ಮದುವೆಯಾದ ಹೊಸದರಲ್ಲೇ ಇಬ್ಬರೂ ಒಂದು ಕಟ್ಟು ಹಾಕಿಕೊಂಡರು: ಮನೆಯೊಳಗೆ ಕೆಲಸದ ಮಾತು ಕೂಡದು. ಪಕ್ಕದ ಮನೆಯ ನಾಯಿ, ನಲ್ಲಿಯಲ್ಲಿ ಬಾರದ ನೀರು, ಅತ್ತೆಯ ಮಂಡಿನೋವು, ಯಾವುದನ್ನು ಬೇಕಾದರೂ ಮಾತಾಡಬಹುದು, ಚಾಕು ಒಂದನ್ನು ಬಿಟ್ಟು. ಅವರ ಮನೆಯ ಮೇಲಿನ ಮಹಡಿಯಲ್ಲಿ ನಾನು ಬಟ್ಟೆ ಹೊಲಿದುಕೊಂಡಿದ್ದೇನೆ. ಎಷ್ಟೋ ಸಲ ಅವರ ಜೊತೆ ಊಟಕ್ಕೆ ಕೂತಾಗ, ಭಾವ "ಇವತ್ತು ನಮ್ಮಲ್ಲಿ" ಎಂದು ಶುರುಮಾಡಿ, ಬಾಯಿಗೊಂದು ತುತ್ತು ತುರುಕಿಕೊಂಡು ಸುಮ್ಮನಾಗುವುದನ್ನು ನೋಡಿದ್ದೇನೆ.

ಅಕ್ಕ ಹುಟ್ಟಿದಾಗಿನಿಂದ ಎಡಚಿ. ಕಾರ್ಖಾನೆಯಲ್ಲಿ ಅದೇ ಹೆಸರಾಗಿ ನಿಂತಿತು. ಮೊದಲು ಅವಳಿಗೆ ಕೊಟ್ಟದ್ದು ಸಾಲಿನ ಕೊನೆಯ ಕೆಲಸ. ಜೋಡಿಸಿ ಬಂದ ಪ್ರತಿ ಚಾಕುವನ್ನೂ ಬಿಚ್ಚಿ, ಮಡಚಿ, ಡಬ್ಬಿಗೆ ಹಾಕಬೇಕು. ಬಿಚ್ಚಿದ ಅಲಗು ತಾನಾಗಿ ಮಡಚಿಕೊಂಡು ಬೆರಳು ಕತ್ತರಿಸದಿರಲಿ ಎಂದು ಹಿಡಿಯೊಳಗೆ ಒಂದು ತೆಳು ಪಟ್ಟಿ ಅಲಗಿನ ಬುಡಕ್ಕೆ ಒತ್ತುಕೊಟ್ಟು ನಿಲ್ಲುತ್ತದೆ. ಅದನ್ನೇ ಲಾಕ್ ಎನ್ನುವುದು. ಮಡಚುವಾಗ ಹೆಬ್ಬೆರಳಿನಿಂದ ಆ ಪಟ್ಟಿಯನ್ನು ಪಕ್ಕಕ್ಕೆ ತಳ್ಳಬೇಕು. ಪಟ್ಟಿ ಇರುವುದು ಬಲಗೈ ಹೆಬ್ಬೆರಳು ಬೀಳುವ ಬದಿಗೆ, ಹಾಗಾಗಿ ಬಲಗೈಯವರಿಗೆ ಇದು ನೀರು ಕುಡಿದಷ್ಟು ಸುಲಭ. ಎಡಗೈಯವರು ಬೆರಳು ಸೊಟ್ಟ ಮಾಡಿ, ಅದನ್ನು ಅಲಗಿನ ದಾರಿಗೇ ಒಡ್ಡಿ, ಜೀವ ಬಿಗಿಹಿಡಿದು ತಳ್ಳಬೇಕು. ಒಂದು ದಿನ ಅಕ್ಕ ಬೆರಳು ಕೊಯ್ದುಕೊಂಡಳು, ಹೊಲಿಗೆ ಬಿತ್ತು.

"ಬಲಗೈಲಿ ಮಾಡಮ್ಮ, ಯಾರು ಬೇಡ ಅಂದ್ರು?" ಎಂದ ಮೇಲ್ವಿಚಾರಕ.

"ಕೊಳ್ಳೋರಿಗೂ ಹೀಗೇ ಹೇಳಿ ಕಳಿಸ್ತೀರಾ?" ಎಂದಳು ಅಕ್ಕ.

ಅವತ್ತಿನಿಂದ ಅದೇ ಗುಂಗು. ಊಟದ ಬಿಡುವಿನಲ್ಲಿ ಮುರಿದ ಚಾಕುಗಳ ತುಂಡು ಹೆಕ್ಕಿಕೊಂಡು ಕೂರುವಳು. ಕೊನೆಗೆ ಒಂದು ಮಾದರಿ ಮಾಡಿದಳು. ಹಿಡಿಗೆ ಅಡ್ಡಲಾಗಿ ಒಂದು ಪುಟ್ಟ ಕಡ್ಡಿ, ಅದರ ತುದಿಗಳು ಎರಡೂ ಪಕ್ಕಕ್ಕೆ ಚೂರು ಹೊರಗೆ. ಹಿಂದಕ್ಕೆ ಎಳೆದರೆ ಅಲಗು ಮಡಚುತ್ತದೆ, ಬಿಟ್ಟರೆ ಕಡ್ಡಿ ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಯಾವ ಕೈಯಾದರೂ ಸರಿ, ಬೆರಳು ಅಲಗಿನ ದಾರಿಗೆ ಹೋಗುವ ಮಾತೇ ಇಲ್ಲ. ಮಾಲೀಕರು ಅದನ್ನು ಆ ಕೈಯಲ್ಲಿ ಈ ಕೈಯಲ್ಲಿ ಟಕ್ಕನೆ ಬಿಚ್ಚಿ ಮಡಚಿ ನೋಡಿದರು. ಆ ವಾರವೇ ಅವಳನ್ನು ಮಾದರಿ ತಯಾರಿಸುವ ಕೋಣೆಗೆ ವರ್ಗ ಮಾಡಿದರು.

"ಮುಂದಿನ ವರ್ಷಕ್ಕೆ ಇದೇ ನಮ್ಮ ಚಾಕು" ಎಂದರು.

ಆ ಮುಂದಿನ ವರ್ಷ ಬರಲೇ ಇಲ್ಲ. ಗೋಡೆಯಾಚೆಯವರು ನೀಲಿ ಹಿಡಿಯ ಚಾಕು ತಂದರು. ಅಂಗಡಿಗಳಲ್ಲಿ ನೀಲಿ ಓಡತೊಡಗಿತು. ತಕ್ಷಣ ಇಲ್ಲೂ ನೀಲಿ ಬೇಕು, ಹಸಿರೂ ಬೇಕು, ಎಲ್ಲರೂ ಬಣ್ಣಕ್ಕೆ ನಿಲ್ಲಿ ಎಂದು ಅಪ್ಪಣೆಯಾಯಿತು. ಬಣ್ಣ ಮುಗಿಯುವಷ್ಟರಲ್ಲಿ ಆಚೆಯವರು ತುಕ್ಕು ಹಿಡಿಯದ ಹೊಸ ಉಕ್ಕು ತಂದರು. ಇಲ್ಲೂ ಉಕ್ಕು ಬದಲಾಯಿತು. ಹೊಸ ಉಕ್ಕಿಗೆ ಸಾಣೆಕಲ್ಲುಗಳು ಸವೆದು, ಅದರ ತಲೆನೋವೇ ಒಂದಷ್ಟು ದಿನ ನಡೆಯಿತು. ಪ್ರತಿ ಸಲವೂ ಅಕ್ಕ ಹೋಗಿ ಬಾಗಿಲಲ್ಲಿ ನಿಲ್ಲುವಳು.

"ಸರ್, ಆ ಲಾಕ್?"

"ಇದೆಯಲ್ಲಮ್ಮ, ಎಲ್ಲಿಗೆ ಓಡಿಹೋಗುತ್ತೆ? ಮೊದಲು ಇದು ಮುಗೀಲಿ."

ಆ ದಿನಗಳಲ್ಲಿ ಕೆಳಗಿನ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿರುತ್ತಿತ್ತು. "ಏನಾಯ್ತು?" ಎಂದು ಭಾವ ಕೇಳಿದರೆ, "ತಲೆನೋವು" ಎನ್ನುವಳು. ಮಾತ್ರೆ ತಂದುಕೊಟ್ಟರೆ ಅದಕ್ಕೂ ಸಿಟ್ಟು. ನನ್ನ ಹತ್ತಿರ ಬಂದು ಬಟ್ಟೆ ರಾಶಿಯ ಮೇಲೆ ಕೂತು ಗೊಣಗುವಳು. "ಅವರು ಬಣ್ಣ ಅಂದ್ರೆ ಇವರೂ ಬಣ್ಣ. ಅವರು ಬಾವಿಗೆ ಬಿದ್ರೆ ಇವರು ಹಗ್ಗ ಸಮೇತ ಬೀಳ್ತಾರೆ. ಮುಂದೆ ನೋಡೋರು ಒಬ್ಬರೂ ಇಲ್ಲ, ಎಲ್ಲಾ ಪಕ್ಕಕ್ಕೇ ನೋಡೋರು."

ಹೀಗಿರುವಾಗ ಒಂದು ಬೆಳಿಗ್ಗೆ ಮಾಲೀಕರು ಅವಳನ್ನು ಕರೆಸಿದರು. ಮೇಜಿನ ಮೇಲೆ ಗೋಡೆಯಾಚೆಯವರ ಹೊಸ ಚಾಕು ಇತ್ತು. ಹಿಡಿಯ ಬೆನ್ನಿನ ಮೇಲೆ ನಟ್ಟನಡುವೆ ಒಂದು ಚಿಕ್ಕ ಗುಂಡಿ. ಅದನ್ನು ಹಿಂದಕ್ಕೆ ಜಾರಿಸಿದರೆ ಅಲಗು ಮಡಚುತ್ತದೆ. ಬಲಗೈ, ಎಡಗೈ, ಎರಡಕ್ಕೂ ಒಂದೇ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಎಡಗೈಯವರಿಗೂ.

"ನಿಮ್ಮ ಮನೆಯವರು ಅಲ್ಲಿ ಏನು ಕೆಲಸ ಮಾಡೋದು?" ಎಂದು ಕೇಳಿದರು.

"ಸಾಣೆ ಹಿಡಿಯೋದು ಸರ್."

"ಬರೀ ಸಾಣೆನಾ?"

ಅಕ್ಕನಿಗೆ ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಿ ಮೈ ಉರಿದುಹೋಯಿತು. "ನಾನು ಮನೇಲಿ ಒಂದಕ್ಷರ ಆಡಿಲ್ಲ ಸರ್" ಎಂದಳು. ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾದರೂ ಆಡುತ್ತಿದ್ದಳು. "ನಾನೇನೂ ಅನ್ನಲಿಲ್ಲವಲ್ಲ" ಎಂದು ಕಾಗದ ನೋಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಸಲಕರಣೆ ಪೆಟ್ಟಿಗೆ ರಿಪೇರಿ ಮೇಜಿಗೆ ಬಂದಿತ್ತು. ಕೊಂಡವರು ಕೆಟ್ಟಿದೆ ಎಂದು ವಾಪಸು ಕಳಿಸಿದ ಚಾಕುಗಳನ್ನು ಸರಿಮಾಡುವ ಜಾಗ ಅದು. ಮಾದರಿ ಕೋಣೆಯವರು ಅವಳು ಹೋದರೆ ಮಾತು ನಿಲ್ಲಿಸುತ್ತಿದ್ದರು.

ಅವತ್ತೇ ಸಂಜೆ ಬರುವಾಗ ಅಂಗಡಿಯಿಂದ ಅದೇ ಚಾಕು ಕೊಂಡು ತಂದಳು. ನಾನು ಯಾರದೋ ಜಾಕೆಟ್ ಕೊಡಲು ಕೆಳಗಿಳಿದಿದ್ದವಳು ಅಲ್ಲೇ ನಿಂತೆ. ಭಾವ ಚಪ್ಪಲಿ ಬಿಡುತ್ತಿದ್ದರು. ಅವರ ಮುಂದೆ ಸ್ಟೂಲಿನ ಮೇಲೆ ಚಾಕು ಇಟ್ಟಳು.

"ಇದು ಯಾರು ಮಾಡಿದ್ದು?"

ಭಾವ ಚಾಕು ನೋಡಿದರು, ಅವಳನ್ನು ನೋಡಿದರು. "ಮನೇಲಿ ಈ ಮಾತು ಬೇಡ ಅಂತ..."

"ಯಾರು ಮಾಡಿದ್ದು ಅಂತ ಕೇಳ್ದೆ."

"ನಾನೇ" ಎಂದರು ಭಾವ. ಅವರು ಸಾಣೆ ಬಿಟ್ಟು ಹೊಸ ಮಾದರಿಯ ಕೆಲಸಕ್ಕೆ ಹೋಗಿ ವರ್ಷದ ಮೇಲಾಗಿತ್ತಂತೆ. ಕಟ್ಟು ಇತ್ತಲ್ಲ, ಹೇಳಿರಲಿಲ್ಲ.

"ನನ್ನ ಲಾಕ್ ವಿಷಯ ನಿಮಗೆ ಯಾರು ಹೇಳಿದ್ರು?"

"ನಿನ್ನ ಲಾಕಾ? ಯಾವ ಲಾಕು?" ಭಾವನ ಮುಖ ನೋಡಿದರೆ ನಾಟಕವಲ್ಲ ಎಂದು ನನಗೇ ತಿಳಿಯಿತು. "ನೀನು ಅಡುಗೆಮನೇಲಿ ಪೊಟ್ಟಣ ಕತ್ತರಿಸಿ ಚಾಕು ಹಾಗೇ ಬಿಚ್ಚಿಟ್ಟು ಬಿಡ್ತೀಯ, ಮಡಚಲ್ಲ. ದಿನಾ ನಾನೇ ಮಡಚಿ ಎತ್ತಿಡ್ತೀನಿ. ಯಾಕೆ ಮಡಚಲ್ಲ ಅಂತ ಒಂದಿನ ನಿನ್ನ ಕೈ ನೋಡ್ತಾ ಕೂತಿದ್ದೆ. ಆಗ ಹೊಳೆದಿದ್ದು."

ಅಕ್ಕ ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ, "ನನ್ನ ಕೈ ನೋಡಿ ಮಾಡಿದ್ರಿ. ನನ್ನ ಒಂದು ಮಾತು ಕೇಳಲಿಲ್ಲ" ಎಂದಳು.

"ಕೇಳಿದ್ರೆ ನೀನೇ ಜಗಳಕ್ಕೆ ಬರ್ತಿದ್ದೆ. ನೀನು ನಂಗೆ ಹೇಳಿದ್ಯಾ?" ಭಾವನ ದನಿಯೂ ಏರಿತು. "ನಮ್ಮಲ್ಲಿ ಎಲ್ಲರೆದುರಿಗೆ ಕೇಳಿದ್ರು, ಇದು ನಿನ್ನ ತಲೇದಾ, ಹೆಂಡತಿ ತಲೇದಾ ಅಂತ. ನಂಗೇನು ಖುಷಿಯಾಯ್ತು ಅನ್ಕೊಂಡ್ಯಾ?"

ಅಕ್ಕ ಚಾಕು ಎತ್ತಿಕೊಂಡು ನನಗಿಂತ ಮೊದಲು ಮೆಟ್ಟಿಲು ಹತ್ತಿದಳು. ನನ್ನ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತೆಗೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಪೂರ್ತಿ ಬಿಚ್ಚಿಹಾಕಿದಳು. ಒಂದೊಂದೇ ಭಾಗವನ್ನು ಸಾಲಾಗಿ ಇಟ್ಟಳು. ಸಾಲು ಬೇಗ ಮುಗಿಯಿತು. ಅವಳದರಲ್ಲಿ ಕಡ್ಡಿಯ ಎರಡೂ ಬದಿಗೆ ಒಂದೊಂದು ಸ್ಪ್ರಿಂಗು, ಅವು ಜಾರದಿರಲು ಮತ್ತೆರಡು ಬಿಲ್ಲೆ. ಇದರಲ್ಲಿ ಬೆನ್ನಿನೊಳಗೆ ಒಂದೇ ಸ್ಪ್ರಿಂಗು, ಅದೇ ಗುಂಡಿಯನ್ನೂ ಹಿಡಿದಿತ್ತು. ಬೆರಳಲ್ಲಿ ಅದನ್ನು ಒತ್ತಿ ಒತ್ತಿ ನೋಡಿದಳು. ದೋಷ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು.

"ಏನಕ್ಕ?"

"ಚೆನ್ನಾಗಿದೆ" ಎಂದಳು. "ಹಾಳಾದ್ದು, ನನ್ನದಕ್ಕಿಂತ ಚೆನ್ನಾಗಿದೆ. ಕದ್ದಿದಾರೆ ಅಂತ ಬೈಯೋಕೂ ಬರಲ್ಲ." ಅಳುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ. ಮತ್ತೆ ಜೋಡಿಸಿ, ನನ್ನ ಮೇಜಿನ ಮೇಲೇ ಬಿಟ್ಟು ಹೋದಳು. ಸುಮಾರು ದಿನ ಗಂಡ ಹೆಂಡತಿ ಬೇಕಾದಷ್ಟೇ ಮಾತಾಡಿಕೊಂಡು ಓಡಾಡಿದರು.

ಆಚೆಯವರ ಚಾಕು ಕೈಗೆ ಸಿಗದಷ್ಟು ಮಾರಾಟವಾಯಿತು. ಎಡಗೈಯವರು ಎಷ್ಟು ಜನ ಇರುತ್ತಾರೆ ಎಂದು ನಕ್ಕವರಿದ್ದರು, ಆದರೆ ಕೊಂಡವರಲ್ಲಿ ಬಲಗೈಯವರೇ ಹೆಚ್ಚು. ಬೆರಳಿಗೆ ಅಪಾಯವಿಲ್ಲದ ಚಾಕು ಯಾರಿಗೆ ಬೇಡ? ಇತ್ತ ರಿಪೇರಿ ಮೇಜಿಗೆ ಹಳೆಯ ಪಟ್ಟಿ ಸವೆದ ಚಾಕುಗಳು ಬುಟ್ಟಿಗಟ್ಟಲೆ ಬರತೊಡಗಿದವು. ಆಗ ಮಾಲೀಕರೇ ಅಕ್ಕನ ಮೇಜಿನ ಹತ್ತಿರ ಬಂದರು.

"ಆಚೆಯವರದ್ದರ ಥರಾನೇ ಒಂದು ಬೇಕು. ಆದ್ರೆ ಅದಾಗಿರಬಾರದು. ಅವರು ಪೇಟೆಂಟ್ ಮಾಡಿಸಿದಾರೆ."

"ನನ್ನದಿದೆಯಲ್ಲ ಸರ್, ನಿಮ್ಮ ಕಪಾಟಲ್ಲಿ."

"ಈಗ ಅದನ್ನ ತಂದ್ರೆ ನಕಲು ಅಂತಾರೆ."

"ಅವರಿಗಿಂತ ಮೊದಲು ಮಾಡಿದ್ದು ನಾನು."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಅಂಗಡಿಯವನಿಗೆ ಏನು ಗೊತ್ತು?"

ಅಕ್ಕ ಕೈಲಿದ್ದ ಚಾಕು ಕೆಳಗಿಟ್ಟಳು. ಮಾಡಿಕೊಡುತ್ತೇನೆ, ಆದರೆ ಒಂದು ಮಾತು ನಡೆಯಬೇಕು ಎಂದಳು. ಮಾದರಿ ಕೋಣೆಯವರ ಎದುರಿಗೆ ಮಾಲೀಕರು, ಗುಟ್ಟು ಇವಳಿಂದ ಹೊರಗೆ ಹೋಗಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಮಾಲೀಕರು ಗಡಿಯಾರ ನೋಡಿಕೊಂಡು, "ಆಗ್ಲಿ, ನೋಡೋಣ" ಎಂದರು.

ಅಕ್ಕನೂ ಮಾದರಿ ಕೋಣೆಯವರೂ ಬೇರೆ ಬೇರೆ ಥರದ ಲಾಕ್ ಮಾಡಿ ನೋಡಿದರು. ಒಂದು ಜಾರಿತು, ಒಂದು ಸಿಕ್ಕಿಕೊಂಡಿತು, ಒಂದು ಆಚೆಯವರ ಪೇಟೆಂಟಿಗೆ ತಗಲುತ್ತದೆಂದು ಕಾರ್ಖಾನೆಯ ವಕೀಲರು ಬೇಡವೆಂದರು. ಸುತ್ತಿ ಬಳಸಿ ಕೊನೆಗೆ ಬಂದು ನಿಂತದ್ದು ಅಕ್ಕನ ಹಳೆಯ ಅಡ್ಡ ಕಡ್ಡಿಗೇ. ಅದಕ್ಕೂ ಆಚೆಯವರದ್ದಕ್ಕೂ ಸಂಬಂಧವಿಲ್ಲ ಎಂದು ವಕೀಲರು ಹೇಳಿದ ಮೇಲೆ ಮಾಲೀಕರಿಗೆ ಧೈರ್ಯ ಬಂತು. ಮೊದಲೇ ತಂದಿದ್ದರೆ ಪೇಟೆಯಲ್ಲಿ ಅದೊಂದೇ ಇರುತ್ತಿತ್ತು. ಈಗ ಅದು ಎರಡನೆಯದಾಗಿ ಹೊರಬಂತು.

ಬಂದ ಕೆಲವು ದಿನಕ್ಕೆ ಅಕ್ಕ ನನ್ನನ್ನೂ ಕರೆದುಕೊಂಡು ಪೇಟೆಯ ಅಂಗಡಿಗೆ ಹೋದಳು. ತನ್ನ ಚಾಕುವನ್ನು ಕೊಳ್ಳುವವಳ ಹಾಗೆ ತೋರಿಸಿ ಎಂದಳು. ಅಂಗಡಿಯವನು ಅವಳ ಎಡಗೈ ನೋಡಿದ.

"ನೀವು ಎಡಗೈಯವರಾ? ಹಂಗಾದ್ರೆ ಇದು ಬೇಡ, ಈ ಗುಂಡಿದು ತಗೊಳ್ಳಿ. ಮೊದಲು ಕಂಡುಹಿಡಿದವರು ಇವರು. ಅವರು ಇದನ್ನ ನೋಡಿ ಮಾಡಿದ್ದು."

ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಗಟ್ಟಿಯಾಗಿ ಅದುಮಿದಳು. ಅವಳ ಹೆಬ್ಬೆರಳು ಕಡ್ಡಿಯನ್ನು ಎಳೆದು ಬಿಡುತ್ತಲೇ ಇತ್ತು. ಹೊರಗೆ ಬಂದ ಮೇಲೆ ಅಂಗಡಿಯವನ ಮಾತು ಎತ್ತಲೇ ಇಲ್ಲ. "ಸ್ಪ್ರಿಂಗ್ ಸಡಿಲ ಇದೆ" ಎಂದಳು. "ನಾನು ಕೊಟ್ಟ ಸ್ಪ್ರಿಂಗಲ್ಲ ಅದು. ಯಾರೋ ಅಗ್ಗದ್ದು ಹಾಕಿದಾರೆ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಂದಳು.

ಮನೆಗೆ ಬಂದವಳು ಭಾವನೆದುರು ಚಾಕು ಹಿಡಿದು, "ನೀವೇ ಹೇಳಿ, ಸಡಿಲ ಅಲ್ವಾ?" ಎಂದಳು. ಭಾವ ಎಳೆದು ನೋಡಿ, ಹೌದು, ಹೀಗಾದರೆ ವರ್ಷದೊಳಗೆ ಜಾರುತ್ತದೆ ಎಂದರು. ಆ ಮನೆಯಲ್ಲಿ ಕೆಲಸದ ಮಾತು ಮೊದಲ ಸಲ ಊಟದ ಹೊತ್ತಿಗೂ ಮುಂದುವರಿಯಿತು. ಪ್ರೀತಿಯಿಂದೇನಲ್ಲ. ಅವರದು ಒಂದೇ ಸ್ಪ್ರಿಂಗಿನ ಮೇಲೆ ನಿಂತಿದೆ, ಅದು ಹೋದರೆ ಲಾಕೇ ಹೋಯಿತು ಎಂದು ಇವಳು, ಇವಳದಕ್ಕೆ ಭಾಗ ಜಾಸ್ತಿ ಎಂದು ಅವರು, ಅನ್ನ ಆರಿಹೋಗುವ ತನಕ ಜಗಳವಾಡಿದರು.

ಸ್ಪ್ರಿಂಗಿಗಾಗಿ ಅಕ್ಕ ಮಾಲೀಕರ ಕೋಣೆಗೆ ಅಲೆದು ಅಲೆದು ಅಂತೂ ಬದಲಾಯಿಸಿದಳು. ಈಗ ಅದು ಗಟ್ಟಿಯಾಗಿ ನಿಲ್ಲುತ್ತದೆ, ಮಾರಾಟವೂ ಪರವಾಗಿಲ್ಲ. ಅವಳು ಮಾದರಿ ಕೋಣೆಗೆ ಮರಳಿದ್ದಾಳೆ. ಎಲ್ಲರೆದುರಿಗೆ ಆಡಬೇಕಾಗಿದ್ದ ಆ ಒಂದು ಮಾತನ್ನು ಮಾಲೀಕರು ಇನ್ನೂ ಆಡಿಲ್ಲ. ವಾಪಸು ಕರೆಸಿಕೊಂಡೆನಲ್ಲ, ಅದರಲ್ಲೇ ಎಲ್ಲ ಬಂತಲ್ಲ ಎನ್ನುತ್ತಾರಂತೆ. ಬರಲಿಲ್ಲ ಎನ್ನುತ್ತಾಳೆ ಅಕ್ಕ. ಹೋದ ವಾರವೂ ಹೋಗಿ ಕೇಳಿ ಬಂದಳು.